ಫೈಫಾಕ್ಸ್: ಸೂತ್ರವನ್ನು ಪರೀಕ್ಷೆಗೆ ಒಡ್ಡುವ ಮೊಬೈಲ್ ಆಪ್

ದಾರಕ್ಕೆ ತೂಗುಬಿಟ್ಟ ಗುಂಡು ಒಮ್ಮೆ ಹೋಗಿ ಬರಲು ಎಷ್ಟು ಕಾಲ ಬೇಕೆಂದು ಹೇಳುವ ಸರಳ ಲೋಲಕದ ಸೂತ್ರವನ್ನು ನಾವು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಸಾಧಿಸುತ್ತೇವೆ. ಕೆಲವು ವಾರಗಳ ನಂತರ ಪ್ರಯೋಗಾಲಯದಲ್ಲಿ ಸ್ಟಾಪ್ ಕ್ಲಾಕ್ ಕೊಟ್ಟು ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆಯಿಸಿ, ಉದ್ದಕ್ಕೂ ಕಾಲದ ವರ್ಗಕ್ಕೂ ನಕ್ಷೆ ಎಳೆಸಿ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುತ್ತೇವೆ. ಗುರುತ್ವ ವೇಗೋತ್ಕರ್ಷದ ಬೆಲೆ 9.8ರ ಆಸುಪಾಸಿನಲ್ಲಿ ಬಂದರೆ ಪ್ರಯೋಗ ಸರಿ, ಬಾರದಿದ್ದರೆ ವಿದ್ಯಾರ್ಥಿಯ ಅಳತೆ ತಪ್ಪು ಎಂಬುದು ಎಲ್ಲರೂ ಒಪ್ಪಿಕೊಂಡಿರುವ ರೂಢಿ. ಆ ಸೂತ್ರ ಯಾವ ಷರತ್ತುಗಳ ಮೇಲೆ ನಿಂತಿದೆ, ನಮ್ಮ ಮೇಜಿನ ಮೇಲಿನ ಲೋಲಕ ಆ ಷರತ್ತುಗಳನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿದೆ ಎಂಬ ಪ್ರಶ್ನೆ ಏಳುವ ಮುನ್ನವೇ ಗಂಟೆ ಬಾರಿಸಿರುತ್ತದೆ. ಸೂತ್ರವೆಂಬ ಗಣಿತ ಮಾದರಿಯನ್ನೂ ಪ್ರಯೋಗವನ್ನೂ ಒಂದೇ ಅವಧಿಯಲ್ಲಿ ಎದುರುಬದುರು ಕೂರಿಸಬೇಕು ಎಂಬ ಆಸೆಯಿರುವ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಕುತೂಹಲವಿರುವ ಯಾರಿಗೇ ಆದರೂ ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುವ ಸಾಧನವೊಂದಿದೆ. ಅದರ ಹೆಸರು ಫೈಫಾಕ್ಸ್.

ಜರ್ಮನಿಯ ಆಖನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ರೂಪಿಸಿ 2016ರಲ್ಲಿ ಬಿಡುಗಡೆ ಮಾಡಿದ ಈ ಆಪ್ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಉಚಿತವಾಗಿ ಸಿಗುತ್ತದೆ. ಜಾಹೀರಾತುಗಳಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಒಮ್ಮೆ ಇಳಿಸಿಕೊಂಡ ಮೇಲೆ ಪ್ರಯೋಗ ಮಾಡಲು ಇಂಟರ್ನೆಟ್ ಸಂಪರ್ಕವೂ ಬೇಕಿಲ್ಲ. ಇದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ತಯಾರಕರು ಬೇರೆ ಉದ್ದೇಶಗಳಿಗಾಗಿ ಅಳವಡಿಸಿರುವ ಸೆನ್ಸರ್‌ಗಳಿರುತ್ತವೆ: ಪರದೆಯನ್ನು ಅಡ್ಡ ತಿರುಗಿಸಲು ವೇಗೋತ್ಕರ್ಷ ಮಾಪಕ, ಆಟಗಳಿಗೆ ಬೇಕಾಗುವ ಜೈರೊಸ್ಕೋಪ್, ದಿಕ್ಸೂಚಿಗೆ ಕಾಂತಕ್ಷೇತ್ರ ಮಾಪಕ, ಪರದೆಯ ಹೊಳಪನ್ನು ಹೊಂದಿಸಲು ಬೆಳಕಿನ ಮಾಪಕ, ಮಾತಿಗೆ ಮೈಕ್ರೊಫೋನ್, ಕೆಲವು ಫೋನ್‌ಗಳಲ್ಲಿ ವಾಯುಭಾರ ಮಾಪಕ. ಇಂಥವುಗಳ ಅಂಕಿಗಳನ್ನು ನೇರವಾಗಿ ಕಣ್ಣ ಮುಂದೆ ಇಡುವುದು ಫೈಫಾಕ್ಸ್‌ನ ಮೊದಲ ಕೆಲಸ. ಎರಡನೆಯ ಕೆಲಸ ಇನ್ನೂ ಮಹತ್ತ್ವದ್ದು. ಲೋಲಕ, ಸ್ಪ್ರಿಂಗ್, ಪುಟಿಯುವ ಚೆಂಡು, ಲಿಫ್ಟ್, ಉರುಳುವ ಕೊಳವೆ, ಕೇಂದ್ರಾಭಿಮುಖ ವೇಗೋತ್ಕರ್ಷ, ಡಾಪ್ಲರ್ ಪರಿಣಾಮ ಮುಂತಾದ ಸಿದ್ಧಪಡಿಸಿದ ಪ್ರಯೋಗಗಳಲ್ಲಿ ಅದು ಸೆನ್ಸರಿನ ಕಚ್ಚಾ ಅಂಕಿಗಳನ್ನು ಒಂದು ಗಣಿತ ಮಾದರಿಯೊಳಗೆ ಹಾಯಿಸಿ ಫಲಿತಾಂಶ ಕೊಡುತ್ತದೆ, ಜೊತೆಗೆ ಆ ಕಚ್ಚಾ ಅಂಕಿಗಳನ್ನೂ ಬಚ್ಚಿಡದೆ ಪಕ್ಕದ ಪುಟದಲ್ಲಿ ತೋರಿಸುತ್ತದೆ.

ಮೊದಲ ಬಾರಿಗೆ ಆಪ್ ತೆರೆಯುವವರು ಸಿದ್ಧ ಪ್ರಯೋಗಗಳಿಗೆ ಹೋಗುವ ಮುನ್ನ ಪಟ್ಟಿಯ ಮೇಲ್ಭಾಗದಲ್ಲಿರುವ, ಗುರುತ್ವವನ್ನೂ ಸೇರಿಸಿದ ವೇಗೋತ್ಕರ್ಷದ ಅಳತೆಯನ್ನು ಆರಿಸಿಕೊಂಡು ಫೋನನ್ನು ಮೇಜಿನ ಮೇಲೆ ಅಲುಗಾಡದಂತೆ ಇಡಬೇಕು. ನಿಶ್ಚಲವಾಗಿ ಮಲಗಿರುವ ಫೋನಿನ ಪರದೆಯ ಮೇಲೆ ಸುಮಾರು 9.8 ಮೀ/ಸೆ² ಎಂಬ ಅಂಕಿ ಮೂಡುತ್ತದೆ. ಚಲಿಸದ ವಸ್ತುವಿಗೆ ವೇಗೋತ್ಕರ್ಷ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಅದೇ ಫೋನನ್ನು ಮೆತ್ತನೆಯ ಹಾಸಿಗೆಯ ಮೇಲೆ ಬೀಳುವಂತೆ ಕೈಬಿಟ್ಟರೆ, ಬೀಳುತ್ತಿರುವಷ್ಟು ಹೊತ್ತು ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ನಿಂತಾಗ 9.8, ಬೀಳುವಾಗ ಸೊನ್ನೆ! ಸೆನ್ಸರಿನ ಒಳರಚನೆಯನ್ನು ತಿಳಿಯದೆ ಈ ಗೊಂದಲ ಬಗೆಹರಿಯುವುದಿಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಣುಕೊಂದು ಸಿಲಿಕಾನಿನದೇ ಸ್ಪ್ರಿಂಗ್‌ಗಳ ನಡುವೆ ತೂಗುತ್ತಿರುತ್ತದೆ. ಆ ತುಣುಕು ತನ್ನ ಚೌಕಟ್ಟಿನಿಂದ ಎಷ್ಟು ಸರಿದಿದೆ ಎಂಬುದನ್ನು ವಿದ್ಯುತ್ ಧಾರಕತೆಯ ಬದಲಾವಣೆಯಿಂದ ಸೆನ್ಸರ್ ತಿಳಿಯುತ್ತದೆ. ಮೇಜಿನ ಮೇಲಿದ್ದಾಗ ತುಣುಕು ಕೆಳಕ್ಕೆ ಜಗ್ಗಿರುತ್ತದೆ, ಮುಕ್ತ ಪತನದಲ್ಲಿ ತುಣುಕೂ ಚೌಕಟ್ಟೂ ಒಟ್ಟಿಗೇ ಬೀಳುವುದರಿಂದ ಜಗ್ಗುವುದಿಲ್ಲ. ಅಳತೆಯ ಉಪಕರಣವೇ ಒಂದು ಭೌತಿಕ ವ್ಯವಸ್ಥೆ, ಅದು ಕೊಡುವ ಅಂಕಿಯ ಅರ್ಥ ತಿಳಿಯಬೇಕಾದರೆ ಆ ವ್ಯವಸ್ಥೆಗೂ ಒಂದು ಮಾದರಿ ಬೇಕು ಎಂಬ ತಿಳಿವಳಿಕೆ ಇಷ್ಟು ಸುಲಭವಾಗಿ ದಕ್ಕುವ ಇನ್ನೊಂದು ಪ್ರಯೋಗವನ್ನು ನಾನು ಕಂಡಿಲ್ಲ.

ಇನ್ನು ಲೋಲಕಕ್ಕೆ ಬರೋಣ, ಏಕೆಂದರೆ ಫೈಫಾಕ್ಸ್‌ನ ಗುಣವೂ ಅದನ್ನು ಬಳಸುವಾಗ ಬೇಕಾದ ಎಚ್ಚರವೂ ಈ ಒಂದು ಪ್ರಯೋಗದಲ್ಲಿ ಪೂರ್ತಿಯಾಗಿ ಕಾಣಸಿಗುತ್ತವೆ. ಇಲ್ಲಿ ಫೋನೇ ಲೋಲಕದ ಗುಂಡು. ಅದನ್ನು ಗಟ್ಟಿಯಾದ ಚೀಲದಲ್ಲಿಟ್ಟು ಎರಡು ದಾರಗಳಿಂದ ತೂಗುಹಾಕಿ, ಸಣ್ಣಗೆ ತೂಗಿಬಿಟ್ಟರೆ, ಜೈರೊಸ್ಕೋಪಿನ ಅಂಕಿಗಳು ಮತ್ತೆ ಮತ್ತೆ ಅದೇ ಆಕಾರಕ್ಕೆ ಮರಳುವ ಅವಧಿಯನ್ನು ಆಪ್ ಲೆಕ್ಕಹಾಕಿ ಆಂದೋಲನಾವಧಿ ಹೇಳುತ್ತದೆ. ದಾರದ ಉದ್ದವನ್ನು ನಾವು ತುಂಬಿದರೆ ಗುರುತ್ವ ವೇಗೋತ್ಕರ್ಷದ ಬೆಲೆಯನ್ನೂ ಕೊಡುತ್ತದೆ. ಎರಡು ದಾರಗಳನ್ನು ಮೇಲೆ ದೂರ ದೂರ ಕಟ್ಟಿದರೆ ಫೋನ್ ತಿರುಚಿಕೊಳ್ಳದೆ ಒಂದೇ ಸಮತಲದಲ್ಲಿ ತೂಗುತ್ತದೆ. ಒಂದೇ ದಾರವಾದರೆ ಅದು ಬುಗುರಿಯಂತೆ ತನ್ನ ಸುತ್ತ ತಿರುಗತೊಡಗಿ ಅಂಕಿಗಳೆಲ್ಲ ಕಲಸಿಹೋಗುತ್ತವೆ.

ಉದ್ದ 50 ಸೆಂಟಿಮೀಟರ್ ಇದ್ದರೆ ಸೂತ್ರದ ಪ್ರಕಾರ ಆಂದೋಲನಾವಧಿ ಸುಮಾರು 1.42 ಸೆಕೆಂಡು ಬರಬೇಕು. ಬೆಂಗಳೂರಿನ ಅಕ್ಷಾಂಶ ಮತ್ತು ಎತ್ತರದಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.78. ಆದರೆ ಆಪ್ ಕೊಡುವ ಬೆಲೆ 9.6 ಅಥವಾ 9.7 ಎಂದು ಬಂದರೆ ಏನು ಹೇಳಬೇಕು? ಹಳೆಯ ರೂಢಿಯಂತೆ ‘ಪ್ರಯೋಗದ ದೋಷ’ ಎಂದು ಬರೆದು ಮುಗಿಸಬಹುದು. ಹಾಗೆ ಮಾಡದೆ ಸೂತ್ರದ ಷರತ್ತುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡರೆ ಈ ಪ್ರಯೋಗದ ನಿಜವಾದ ಸಂಪತ್ತು ಹೊರಬರುತ್ತದೆ. ಮೊದಲನೆಯದು ಉದ್ದ: ಅದನ್ನು ಕಟ್ಟಿದ ಬಿಂದುವಿನಿಂದ ಫೋನಿನ ದ್ರವ್ಯಕೇಂದ್ರದವರೆಗೆ ಅಳೆಯಬೇಕು, ಆದರೆ ಆ ಕೇಂದ್ರ ಫೋನಿನ ಮಧ್ಯದಲ್ಲೇ ಇರಬೇಕೆಂದಿಲ್ಲ. ಫೋನನ್ನು ಒಂದು ಪೆನ್ಸಿಲಿನ ಮೇಲೆ ಸಮತೋಲನಗೊಳಿಸಿ ಅದನ್ನು ಕಂಡುಕೊಳ್ಳಬಹುದು. 50 ಸೆಂಟಿಮೀಟರಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಉತ್ತರದಲ್ಲಿ ಶೇಕಡಾ 2 ತಪ್ಪುತ್ತದೆ. ಎರಡನೆಯದು ಕೋನ: ಸೂತ್ರ ಸಣ್ಣ ಕೋನಕ್ಕೆ ಮಾತ್ರ ಸರಿ. 20 ಡಿಗ್ರಿಗೆ ಎಳೆದು ಬಿಟ್ಟರೆ ಆಂದೋಲನಾವಧಿ ಶೇಕಡಾ 0.77ರಷ್ಟು ಹಿಗ್ಗುತ್ತದೆ, ಅದರ ವರ್ಗ ಲೆಕ್ಕಕ್ಕೆ ಬರುವುದರಿಂದ ಗುರುತ್ವದ ಬೆಲೆ ಶೇಕಡಾ 1.5ರಷ್ಟು ಕಡಿಮೆಯಾಗಿ ಕಾಣುತ್ತದೆ. ಮೂರನೆಯದು ಹೆಚ್ಚಿನವರ ಗಮನಕ್ಕೆ ಬಾರದ್ದು. ಫೋನ್ ಬಿಂದುವಲ್ಲ, 16 ಸೆಂಟಿಮೀಟರ್ ಉದ್ದದ ಹಲಗೆ. ಅದರ ಉದ್ದದ ಬದಿ ದಾರದ ನೇರಕ್ಕೆ ಇದ್ದು ತೂಗಿದರೆ ಅದರ ಜಡತ್ವ ಭ್ರಾಮಕವೂ (ತಿರುಗುವಿಕೆಗೆ ಅದು ಒಡ್ಡುವ ಪ್ರತಿರೋಧ) ಲೆಕ್ಕಕ್ಕೆ ಸೇರಬೇಕಾಗುತ್ತದೆ, ಅದನ್ನು ಬಿಟ್ಟರೆ 50 ಸೆಂಟಿಮೀಟರ್ ಲೋಲಕದಲ್ಲಿ ಉತ್ತರ ಸುಮಾರು ಶೇಕಡಾ 0.85ರಷ್ಟು ಕುಗ್ಗಿ, 9.78ರ ಬದಲು 9.70 ಎಂದು ಬರುತ್ತದೆ.

ಈ ಮೂರು ತಿದ್ದುಪಡಿಗಳನ್ನೂ ವಿದ್ಯಾರ್ಥಿಗಳು ಪ್ರಯೋಗದಿಂದಲೇ ಖಚಿತಪಡಿಸಿಕೊಳ್ಳಬಹುದು ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ದಾರವನ್ನು ಒಂದೂವರೆ ಮೀಟರಿಗೆ ಉದ್ದಮಾಡಿದರೆ ಫೋನಿನ ಗಾತ್ರದ ಪ್ರಭಾವ ಬಹುತೇಕ ಮಾಯವಾಗುತ್ತದೆ. ಆಂದೋಲನ ತಾನಾಗಿ ಕುಗ್ಗುತ್ತ ಹೋದಂತೆ ಪರದೆಯ ಮೇಲಿನ ಅವಧಿಯೂ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುವುದನ್ನು ನೋಡಬಹುದು. ಸ್ಟಾಪ್ ಕ್ಲಾಕಿನಲ್ಲಿ ಒತ್ತುವ ಬೆರಳಿನ ತಡವೇ ಇಂಥ ಸೂಕ್ಷ್ಮ ವ್ಯತ್ಯಾಸಗಳನ್ನು ನುಂಗಿಹಾಕುತ್ತಿತ್ತು. ಅಳತೆ ಇಷ್ಟು ನಿಖರವಾದಾಗ ಸೂತ್ರದಲ್ಲಿ ಬಿಟ್ಟುಹೋದ ಅಂಶಗಳು ಒಂದೊಂದಾಗಿ ಮೇಲೆದ್ದು ಕಾಣತೊಡಗುತ್ತವೆ, ಪ್ರಯೋಗದ ದೋಷ ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುರುಕುವ ಅಭ್ಯಾಸ ತಾನಾಗಿ ಬಿಟ್ಟುಹೋಗುತ್ತದೆ.

ಲೋಲಕದಿಂದ ಗುರುತ್ವವನ್ನು ನಿಖರವಾಗಿ ಅಳೆಯುವುದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಇತಿಹಾಸವಿದೆ ಎಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯಲಾರೆ. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಅಧಿಕಾರಿ ಜೇಮ್ಸ್ ಪಲ್ಲಾಡಿಯೊ ಬಸೇವಿ 1865ರಿಂದ ಹಲವು ವರ್ಷ ದೇಶದ ಬೇರೆ ಬೇರೆ ಠಾಣೆಗಳಲ್ಲಿ ಲೋಲಕಗಳನ್ನು ಹೂಡಿ ಆಂದೋಲನಗಳನ್ನು ಎಣಿಸಿದರು, ಲಡಾಖಿನ ಎತ್ತರದ ಮೋರೆ ಬಯಲಿನಲ್ಲಿ ಅದೇ ಕೆಲಸ ಮಾಡಿದ ಮೇಲೆ 1871ರಲ್ಲಿ ಲಡಾಖಿನಲ್ಲಿಯೇ ತೀರಿಕೊಂಡರು. ಹಿಮಾಲಯದಷ್ಟು ದೊಡ್ಡ ಪರ್ವತರಾಶಿ ಇರುವಲ್ಲಿ ಗುರುತ್ವ ಎಷ್ಟಿರಬೇಕೆಂದು ಲೆಕ್ಕ ಹೇಳುತ್ತಿತ್ತೋ ಅದಕ್ಕಿಂತ ಕಡಿಮೆಯೆಂದು ಆ ಅಳತೆಗಳು ತೋರಿಸಿದವು. ಪರ್ವತಗಳ ಅಡಿಯಲ್ಲಿ ಸಾಂದ್ರತೆ ಕಡಿಮೆಯಿರುವ ಶಿಲೆಯಿದೆ ಎಂಬ ವಿಚಾರಕ್ಕೆ ಅದು ಬಲ ಕೊಟ್ಟಿತು. ಮಾದರಿಗೂ ಅಳತೆಗೂ ನಡುವೆ ಉಳಿದ ಸಣ್ಣ ಅಂತರವೇ ಭೂಮಿಯ ಒಡಲಿನ ಸುದ್ದಿ ಹೇಳಿದ್ದು. ಫೋನಿನಲ್ಲಿ ಅಷ್ಟು ಸೂಕ್ಷ್ಮತೆಯನ್ನು ನಿರೀಕ್ಷಿಸಲಾಗದು. ಆದರೂ ಅಂತರವನ್ನು ಗೌರವದಿಂದ ನೋಡುವ ಶಿಸ್ತನ್ನು ಅದು ಕಲಿಸಬಲ್ಲದು.

ಲೋಲಕದ ಪಾಠದಲ್ಲಿ ಫೈಫಾಕ್ಸ್ ಜೊತೆಗೆ ಇನ್ನೊಂದು ಉಚಿತ ಸಾಧನವನ್ನು ಬಳಸುವುದು ಒಳ್ಳೆಯದು. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ಸಿಮ್ಯುಲೇಷನ್‌ಗಳನ್ನು ಅನೇಕ ಶಿಕ್ಷಕರು ಬಲ್ಲರು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅದನ್ನು 2002ರಲ್ಲಿ ಆರಂಭಿಸಿದರು, ಅದರ ಹಲವು ಪುಟಗಳು ಕನ್ನಡದಲ್ಲೂ ಇವೆ. ಅಲ್ಲಿನ ಲೋಲಕ ಪ್ರಯೋಗಾಲಯದಲ್ಲಿ ಉದ್ದ, ದ್ರವ್ಯರಾಶಿ, ಘರ್ಷಣೆ, ಗುರುತ್ವ ಎಲ್ಲವನ್ನೂ ಬೇಕಾದಂತೆ ಬದಲಾಯಿಸಬಹುದು. ಚಂದ್ರನ ಮೇಲೂ ಗುರುಗ್ರಹದ ಮೇಲೂ ತೂಗಿಸಬಹುದು. ಆ ಲೋಲಕದ ಗುಂಡು ಬಿಂದುವಿನಂತೆ ವರ್ತಿಸುತ್ತದೆ, ಅದರ ದಂಡಕ್ಕೆ ತೂಕವಿಲ್ಲ, ನಾವು ಕೇಳಿದ ಹೊರತು ಗಾಳಿಯೂ ಅಡ್ಡಬರುವುದಿಲ್ಲ. ಸಿಮ್ಯುಲೇಷನ್ ಎಂದೂ ತನ್ನ ಸಮೀಕರಣವನ್ನು ಮೀರಿ ನಡೆಯದು, ಅದರಲ್ಲಿ ಕಾಣುವುದೆಲ್ಲ ಯಾರೋ ಮೊದಲೇ ಬರೆದಿಟ್ಟದ್ದೇ. ಹಾಗಾಗಿ 60 ಡಿಗ್ರಿಯಲ್ಲಿ ಆಂದೋಲನಾವಧಿ ಶೇಕಡಾ 7ರಷ್ಟು ಹಿಗ್ಗುವುದನ್ನು ಫೆಟ್‌ನಲ್ಲಿ ನೋಡಿ, ಬರಿಯ ಕೋನದ ಪ್ರಭಾವವೆಷ್ಟು ಎಂದು ಬೇರ್ಪಡಿಸಿಕೊಂಡು, ಆಮೇಲೆ ಫೋನಿನ ಲೋಲಕಕ್ಕೆ ಬಂದು ಉಳಿದ ವ್ಯತ್ಯಾಸಕ್ಕೆ ಕಾರಣ ಹುಡುಕುವುದು ಸರಿಯಾದ ಕ್ರಮ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಫೈಫಾಕ್ಸನ್ನೇ ಆರಿಸುತ್ತೇನೆ, ಏಕೆಂದರೆ ಬರೆದವರೇ ನಿರೀಕ್ಷಿಸದ ಉತ್ತರ ಬರುವ ಸಾಧ್ಯತೆ ಅದರಲ್ಲಿ ಮಾತ್ರ ಇದೆ.

ಪಂಚಮಿ ಹಬ್ಬದಲ್ಲಿ ಜೋಕಾಲಿ ಕಟ್ಟುವ ಉತ್ತರ ಕರ್ನಾಟಕದ ಊರುಗಳ ವಿದ್ಯಾರ್ಥಿಗಳಿಗೆ ಲೋಲಕದ ಪಾಠವನ್ನು ಮುಂದುವರಿಸಲು ಇನ್ನೊಂದು ದಾರಿಯಿದೆ. ಫೋನನ್ನು ಗುಂಡಿಯಿರುವ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡು, ಗುರುತ್ವ ಸೇರಿದ ವೇಗೋತ್ಕರ್ಷವನ್ನು ಆಯ್ದುಕೊಂಡು ಜೀಕಬೇಕು. ಶಕ್ತಿಯ ನಿತ್ಯತೆಯಿಂದ ಲೆಕ್ಕಹಾಕಿದರೆ, ನೇರದಿಂದ 45 ಡಿಗ್ರಿ ಏರಿ ಬರುವ ಜೋಕಾಲಿ ತಳಬಿಂದುವನ್ನು ಹಾಯುವಾಗ ಮಾಪಕ ಗುರುತ್ವದ ಸುಮಾರು 1.6 ಪಟ್ಟನ್ನೂ 60 ಡಿಗ್ರಿಯಾದರೆ ಸರಿಯಾಗಿ ಎರಡು ಪಟ್ಟನ್ನೂ ತೋರಿಸಬೇಕು; ತುತ್ತತುದಿಯಲ್ಲಿ, 60 ಡಿಗ್ರಿಯಾದರೆ, ಅರ್ಧಕ್ಕೆ ಇಳಿಯಬೇಕು. ಈ ಲೆಕ್ಕದಲ್ಲಿ ಹಗ್ಗದ ಉದ್ದ ಬರುವುದೇ ಇಲ್ಲ! ಹುಣಸೆಮರದ ಎತ್ತರದ ಕೊಂಬೆಗೆ ಕಟ್ಟಿದ ಜೋಕಾಲಿಗೂ ಮನೆಯ ತೊಲೆಗೆ ಕಟ್ಟಿದ ಚಿಕ್ಕದಕ್ಕೂ ಒಂದೇ ಅಂಕಿ ಬರಬೇಕೆಂಬ ಈ ಭವಿಷ್ಯ ಮೊದಲ ಕೇಳ್ವಿಗೆ ನಂಬಲಾಗದ್ದು, ಹಾಗಾಗಿಯೇ ಪರೀಕ್ಷೆಗೆ ಯೋಗ್ಯವಾದದ್ದು. ಜೀಕುವವರು ಮೊಣಕಾಲು ಮಡಿಸಿ ಚಾಚುತ್ತಿದ್ದರೆ ಮಾದರಿ ಮುರಿಯುತ್ತದೆ, ಸುಮ್ಮನೆ ಕುಳಿತು ತೂಗಿಸಿಕೊಂಡರೆ ಹತ್ತಿರ ಬರುತ್ತದೆ. ಎರಡೂ ನಕ್ಷೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ದೇಹ ಜೋಕಾಲಿಗೆ ಶಕ್ತಿ ತುಂಬುವ ಕ್ಷಣಗಳನ್ನು ಬೆರಳಿಟ್ಟು ತೋರಿಸಬಹುದು.

ಮೈಕ್ರೊಫೋನ್ ಬಳಸುವ ಪ್ರಯೋಗಗಳಿಗೆ ಫೋನ್ ಎಷ್ಟೇ ಅಗ್ಗದ್ದಾದರೂ ಸಾಲುತ್ತದೆ, ಆದ್ದರಿಂದ ನಮ್ಮ ಸರ್ಕಾರಿ ಶಾಲೆಗಳಿಗೆ ಇವೇ ಹೆಚ್ಚು ಹೊಂದುತ್ತವೆ. ಪುಟಿಯುವ ಚೆಂಡಿನ ಪ್ರಯೋಗದಲ್ಲಿ ಫೋನನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ಚೆಂಡನ್ನು ಬಿಟ್ಟರೆ ಸಾಕು. ನೆಲಕ್ಕೆ ಬಡಿದ ಒಂದೊಂದು ಸದ್ದಿನ ನಡುವಿನ ಕಾಲದಿಂದ ಚೆಂಡು ಎಷ್ಟು ಎತ್ತರ ಏರಿತ್ತು ಎಂಬುದನ್ನು ಆಪ್ ಹೇಳುತ್ತದೆ. ಎರಡು ಸದ್ದುಗಳ ನಡುವೆ 0.8 ಸೆಕೆಂಡು ಇದ್ದರೆ ಏರಿದ ಎತ್ತರ ಸುಮಾರು 78 ಸೆಂಟಿಮೀಟರ್, ಮುಂದಿನ ಅಂತರ 0.6 ಸೆಕೆಂಡಾದರೆ ಸುಮಾರು 44 ಸೆಂಟಿಮೀಟರ್; ಎಂದರೆ ಆ ಬಡಿತದಲ್ಲಿ ಉಳಿದ ಶಕ್ತಿ ಶೇಕಡಾ 56. ಇಷ್ಟಕ್ಕೇ ನಿಲ್ಲದೆ, ಚೆಂಡನ್ನು ನಾವು ಎಷ್ಟು ಎತ್ತರದಿಂದ ಬಿಟ್ಟೆವು ಎಂಬುದನ್ನೂ ಅದು ಊಹಿಸುತ್ತದೆ. ಪ್ರತಿ ಬಡಿತದಲ್ಲೂ ಶಕ್ತಿಯ ಒಂದೇ ಪಾಲು ನಷ್ಟವಾಗುತ್ತದೆ ಎಂಬ ಗ್ರಹಿಕೆಯ ಮೇಲೆ ಆ ಊಹೆ ನಿಂತಿದೆ, ಅದರಂತೆ ಈ ಉದಾಹರಣೆಯಲ್ಲಿ ಉತ್ತರ ಸುಮಾರು 1.39 ಮೀಟರ್. ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ ಬಿಟ್ಟ ಎತ್ತರವನ್ನು ಬೇರೆಯಾಗಿ ನೋಡಿಕೊಂಡಿದ್ದರೆ ಆ ಗ್ರಹಿಕೆ ಎಷ್ಟು ಸರಿ ಎಂದು ಅಲ್ಲೇ ಗೊತ್ತಾಗುತ್ತದೆ. ಟೆನಿಸ್ ಚೆಂಡು ಹೆಚ್ಚು ವೇಗದಲ್ಲಿ ಬಡಿದಾಗ ಹೆಚ್ಚು ಪಾಲು ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಎತ್ತರದಿಂದ ಬಿಟ್ಟಷ್ಟೂ ಊಹೆ ವಾಸ್ತವಕ್ಕಿಂತ ಕೆಳಗೆ ಬೀಳುತ್ತದೆ.

ಶಬ್ದದ ವೇಗವನ್ನು ಅಳೆಯುವ ಪ್ರಯೋಗಕ್ಕೆ ಎರಡು ಫೋನ್‌ಗಳು ಬೇಕು, ಅದರ ಯೋಜನೆ ಬಹಳ ಸೊಗಸಾದದ್ದು. ಇಬ್ಬರು ವಿದ್ಯಾರ್ಥಿಗಳು 10 ಮೀಟರ್ ಅಂತರದಲ್ಲಿ ನಿಂತು ತಂತಮ್ಮ ಫೋನಿನಲ್ಲಿ ಸದ್ದಿಗೆ ಶುರುವಾಗಿ ಸದ್ದಿಗೆ ನಿಲ್ಲುವ ಗಡಿಯಾರವನ್ನು ತೆರೆದಿಡುತ್ತಾರೆ. ಮೊದಲನೆಯವನು ಚಪ್ಪಾಳೆ ತಟ್ಟಿದಾಗ ಅವನ ಗಡಿಯಾರ ಕೂಡಲೇ, ಎರಡನೆಯವಳದು ಶಬ್ದ ಅಲ್ಲಿಗೆ ತಲುಪಿದ ಮೇಲೆ ಶುರುವಾಗುತ್ತದೆ. ಬಳಿಕ ಅವಳು ಚಪ್ಪಾಳೆ ತಟ್ಟಿದಾಗ ಅವಳದು ಕೂಡಲೇ ನಿಲ್ಲುತ್ತದೆ, ಅವನದು ತಡವಾಗಿ. ಎರಡು ಗಡಿಯಾರಗಳ ಅಂಕಿಗಳ ವ್ಯತ್ಯಾಸವೆಂದರೆ ಶಬ್ದ 20 ಮೀಟರ್ ಸಾಗಲು ಬೇಕಾದ ಕಾಲ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಸುಮಾರು 0.057 ಸೆಕೆಂಡು ಬರಬೇಕು. ಎರಡು ಫೋನ್‌ಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುವ ಅಗತ್ಯವೇ ಇಲ್ಲದಂತೆ ಪ್ರಯೋಗವನ್ನು ಹೆಣೆದಿರುವ ಜಾಣ್ಮೆಯನ್ನು ವಿದ್ಯಾರ್ಥಿಗಳೇ ಕಂಡುಹಿಡಿಯುವಂತೆ ಬಿಡಬೇಕು, ಮೊದಲೇ ವಿವರಿಸಿಬಿಡಬಾರದು. ಎಷ್ಟು ಜೋರಾದ ಸದ್ದಿಗೆ ಗಡಿಯಾರ ಸ್ಪಂದಿಸಬೇಕೆಂಬ ಮಿತಿಯನ್ನು ನಾವೇ ನಿಗದಿಪಡಿಸಬಹುದು. ಫ್ಯಾನ್ ತಿರುಗುವ, ಪಕ್ಕದ ಕೋಣೆಯಿಂದ ಮಗ್ಗಿಯ ಧ್ವನಿ ಬರುವ ತರಗತಿಗಿಂತ ಆಟದ ಮೈದಾನವೇ ಇದಕ್ಕೆ ಲೇಸು.

ಮನುಷ್ಯ ಕಟ್ಟಿದ ಯಂತ್ರಗಳ ವಿಷಯಕ್ಕೆ ಬಂದರೆ, ಲಿಫ್ಟಿನ ಪ್ರಯೋಗ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿರಬೇಕು ಎನ್ನುವಷ್ಟು ಒಳ್ಳೆಯದು. ಲಿಫ್ಟಿನ ನೆಲದ ಮೇಲೆ ಫೋನಿಟ್ಟರೆ ಎತ್ತರ, ವೇಗ, ವೇಗೋತ್ಕರ್ಷ ಮೂರರ ನಕ್ಷೆಗಳೂ ಒಟ್ಟಿಗೆ ಮೂಡುತ್ತವೆ; ಎತ್ತರವನ್ನು ಆಪ್ ವಾಯುಭಾರ ಮಾಪಕದಿಂದ ತಿಳಿಯುತ್ತದೆ. ವೇಗೋತ್ಕರ್ಷವನ್ನು ಎರಡು ಬಾರಿ ಅನುಕಲಿಸಿದರೆ (ಕ್ಷಣಕ್ಷಣದ ಬೆಲೆಗಳನ್ನು ಕೂಡಿಸುತ್ತ ಹೋದರೆ) ಎತ್ತರ ಸಿಗುತ್ತದಲ್ಲ, ವಾಯುಭಾರ ಮಾಪಕ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಮಾಪಕದಲ್ಲಿ 0.05 ಮೀ/ಸೆ²ರಷ್ಟು ಸಣ್ಣ ತಪ್ಪು ಸ್ಥಿರವಾಗಿ ಉಳಿದಿದ್ದರೂ 20 ಸೆಕೆಂಡುಗಳಲ್ಲಿ ಅದು ಎತ್ತರದಲ್ಲಿ 10 ಮೀಟರ್ ತಪ್ಪಾಗಿ ಬೆಳೆದಿರುತ್ತದೆ, ಎಂದರೆ ಮೂರು ಅಂತಸ್ತು. ಗಾಳಿಯ ಒತ್ತಡ ಹಾಗೆ ತಪ್ಪನ್ನು ಕೂಡಿಟ್ಟುಕೊಳ್ಳುವುದಿಲ್ಲ: ಒಂದು ಅಂತಸ್ತು ಏರಿದರೆ ಸುಮಾರು 0.3 ಹೆಕ್ಟೊಪಾಸ್ಕಲ್ ಇಳಿಯುತ್ತದೆ, ಅಷ್ಟನ್ನು ಫೋನಿನ ಮಾಪಕ ಧಾರಾಳವಾಗಿ ಗುರುತಿಸುತ್ತದೆ. ಒಂದೇ ಪರಿಮಾಣವನ್ನು ತಿಳಿಯಲು ಎರಡು ದಾರಿಗಳಿದ್ದಾಗ ಯಾವುದರ ತಪ್ಪು ಹೇಗೆ ಬೆಳೆಯುತ್ತದೆ ಎಂದು ನೋಡಿ ಆರಿಸಬೇಕೆಂಬ ವಿವೇಕ ಇಲ್ಲಿ ಅಂಕಿಯ ರೂಪದಲ್ಲೇ ಎದುರು ನಿಲ್ಲುತ್ತದೆ. ಕಡಿಮೆ ಬೆಲೆಯ ಅನೇಕ ಫೋನ್‌ಗಳಲ್ಲಿ ವಾಯುಭಾರ ಮಾಪಕ ಇರುವುದಿಲ್ಲ ಎಂಬುದೊಂದೇ ಕೊರತೆ. ಸೆನ್ಸರ್ ಇಲ್ಲದ ಪ್ರಯೋಗಗಳು ಪಟ್ಟಿಯಲ್ಲಿ ಮಸುಕಾಗಿ ಕಾಣುತ್ತವೆ.

ಹಳ್ಳಿಯ ವಿದ್ಯಾರ್ಥಿಗಳಿಗೆ ಲಿಫ್ಟ್ ದೂರ, ಪಂಪ್‌ಸೆಟ್ ಹತ್ತಿರ. ವೇಗೋತ್ಕರ್ಷದ ರೋಹಿತವನ್ನು, ಎಂದರೆ ಯಾವ ಆವೃತ್ತಿಯ ಕಂಪನ ಎಷ್ಟಿದೆ ಎಂಬುದರ ನಕ್ಷೆಯನ್ನು, ತೋರಿಸುವ ಸಾಧನವನ್ನು ಆಪಿನಲ್ಲಿ ತೆರೆದು, ತಿರುಗುವ ಭಾಗಗಳಿಂದ ದೂರವಾಗಿ, ಮೋಟಾರಿನ ಸಿಮೆಂಟ್ ಕಟ್ಟೆಯ ಮೇಲೆ ಫೋನಿಟ್ಟರೆ, ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುವ ಮೋಟಾರಾದರೆ 24 ಹರ್ಟ್ಸ್ ಬಳಿ ಒಂದು ಶಿಖರ ಎದ್ದು ಕಾಣುತ್ತದೆ. ತಿರುಗುವ ಭಾಗದ ತೂಕ ಒಂದು ಬದಿಗೆ ವಾಲಿದ್ದರೆ ಆ ಶಿಖರ ಬೆಳೆಯುತ್ತದೆ. ಮೋಟಾರಿನ ಅಚ್ಚೂ ಪಂಪಿನ ಅಚ್ಚೂ ಒಂದೇ ನೇರಕ್ಕೆ ಇಲ್ಲದಿದ್ದರೆ ಹಲವು ಬಾರಿ ಅದರ ಎರಡು ಪಟ್ಟು ಆವೃತ್ತಿಯಲ್ಲಿ ಇನ್ನೊಂದು ಶಿಖರ ಏಳುತ್ತದೆ. ಕಾರ್ಖಾನೆಗಳಲ್ಲಿ ಯಂತ್ರಗಳ ಆರೋಗ್ಯವನ್ನು ಪರೀಕ್ಷಿಸುವವರು ಮಾಡುವ ಕೆಲಸದ ತತ್ತ್ವವೂ ಇದೇ. ಆದರೆ ಒಂದು ಎಚ್ಚರ ಅಗತ್ಯ. ಫೋನ್ ಸೆಕೆಂಡಿಗೆ 100 ಬಾರಿ ಮಾತ್ರ ಅಳೆಯುವಂಥದ್ದಾದರೆ 50 ಹರ್ಟ್ಸ್‌ಗಿಂತ ಮೇಲಿನ ಕಂಪನವನ್ನು ಅದು ಸರಿಯಾಗಿ ಗುರುತಿಸಲಾರದು. 60 ಹರ್ಟ್ಸ್‌ನ ಕಂಪನ 40 ಹರ್ಟ್ಸ್‌ನಲ್ಲಿ ಸುಳ್ಳು ಶಿಖರವಾಗಿ ಮೂಡುತ್ತದೆ, ಸಿನಿಮಾದಲ್ಲಿ ಮುಂದೆ ಓಡುವ ಬಂಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವ ಹಾಗೆ. ಪರದೆಯ ಮೇಲೆ ಅಂದವಾಗಿ ಮೂಡಿದ ಶಿಖರವೆಲ್ಲ ಯಂತ್ರದ್ದೇ ಎಂದು ನಂಬುವ ಮುನ್ನ ಅಳತೆಯ ದರವನ್ನು ನೋಡಿಕೊಳ್ಳಬೇಕು.

ಇದಕ್ಕೆ ಹೊಂದಿಕೊಂಡೇ ನನ್ನ ಮುಖ್ಯ ಆಕ್ಷೇಪವನ್ನೂ ಹೇಳಬೇಕು. ದಶಮಾಂಶದ ನಂತರ ಎರಡು ಮೂರು ಸ್ಥಾನಗಳವರೆಗೆ ದೊಡ್ಡ ಅಕ್ಷರದಲ್ಲಿ ಮೂಡುವ ಅಂಕಿ ವಿದ್ಯಾರ್ಥಿಗಳಲ್ಲಿ ಇಲ್ಲದ ನಂಬಿಕೆಯನ್ನು ಹುಟ್ಟಿಸುತ್ತದೆ. ಸಿದ್ಧ ಪ್ರಯೋಗಗಳ ಫಲಿತಾಂಶದ ಪಕ್ಕದಲ್ಲಿ ಅನಿಶ್ಚಿತತೆಯ ಅಂದಾಜು ಕೂಡ ಅಷ್ಟೇ ಎದ್ದು ಕಾಣುವಂತೆ ಇರಬೇಕಿತ್ತು. ಈಗ ಅದನ್ನು ಶಿಕ್ಷಕರೇ ಕೇಳಿ ಬರೆಸಬೇಕಾಗಿದೆ. ಫೋನಿನ ಸೆನ್ಸರ್‌ಗಳು ಒಂದು ಫೋನಿನಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತವೆ, ದಿಕ್ಸೂಚಿಯ ಸೆನ್ಸರ್ ಹತ್ತಿರದ ಕಬ್ಬಿಣಕ್ಕೂ ಫೋನಿನ ಕವಚದ ಅಯಸ್ಕಾಂತಕ್ಕೂ ಸುಲಭವಾಗಿ ಮೋಸಹೋಗುತ್ತದೆ. ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ ಇರುವಾಗ ಪರದೆ ಅದರ ದುಪ್ಪಟ್ಟು ತೋರಿಸಿದರೆ ಮೊದಲು ಸುತ್ತಮುತ್ತ ಏನಿದೆ ಎಂದು ನೋಡಬೇಕು. ಒಂದು ಮಿತಿಯ ಮೇಲಿನ ವೇಗೋತ್ಕರ್ಷವನ್ನು ಸೆನ್ಸರ್ ಅಳೆಯುವುದೇ ಇಲ್ಲ, ಆದ್ದರಿಂದ ಡಿಕ್ಕಿ, ಹೊಡೆತಗಳ ನಕ್ಷೆಯ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇವು ಆಪಿನ ದೋಷಗಳಲ್ಲ, ಉಪಕರಣದ ಮಿತಿಗಳು, ಬಳಸುವವರು ತಿಳಿದಿರಲೇಬೇಕು.

ತರಗತಿಯಲ್ಲಿ ಬಳಸಲು ಅತ್ಯಂತ ಉಪಯುಕ್ತವಾದ ಸೌಲಭ್ಯವೆಂದರೆ ದೂರದಿಂದ ನಿಯಂತ್ರಿಸುವ ವ್ಯವಸ್ಥೆ. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪನ್ನು ಸೇರಿಸಿ, ಆಪ್ ತೋರಿಸುವ ವಿಳಾಸವನ್ನು ಬ್ರೌಸರಿನಲ್ಲಿ ಬರೆದರೆ, ದಾರದಲ್ಲಿ ತೂಗುತ್ತಿರುವ ಫೋನಿನ ಅಂಕಿಗಳು ಆ ಕ್ಷಣವೇ ಪ್ರೊಜೆಕ್ಟರಿನ ಪರದೆಯ ಮೇಲೆ ನಕ್ಷೆಯಾಗಿ ಹರಿಯತೊಡಗುತ್ತವೆ. ಹೆಚ್ಚಿನ ಶಾಲೆಗಳಲ್ಲಿ ವಿದ್ಯಾರ್ಥಿಗಳು ಫೋನ್ ತರುವಂತಿಲ್ಲ. ಹೀಗಾಗಿ ಶಿಕ್ಷಕರದೊಂದೇ ಫೋನ್ ಇಡೀ ತರಗತಿಗೆ ಸಾಕಾಗುವುದು ಸಣ್ಣ ಅನುಕೂಲವಲ್ಲ. ಹೊಸ ಪ್ರಯೋಗಗಳನ್ನು ನಾವೇ ರೂಪಿಸಿ ಕ್ಯೂಆರ್ ಸಂಕೇತದ ಮೂಲಕ ಹಂಚಿಕೊಳ್ಳಬಹುದು. ಬ್ಲೂಟೂತ್ ಇರುವ ಆರ್ಡುಯಿನೊ, ಇಎಸ್‌ಪಿ32 ಮುಂತಾದ ಅಗ್ಗದ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಉಷ್ಣತೆಯ ಅಥವಾ ನೀರಿನ ಮಟ್ಟದ ಸೆನ್ಸರ್ ಜೋಡಿಸಿ ಆ ಅಂಕಿಗಳನ್ನೂ ಇದೇ ಆಪಿಗೆ ತರಬಹುದು. ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಇದು ಹೇಳಿಮಾಡಿಸಿದಂತಿದೆ.

ಶಿಕ್ಷಕರಿಗೆ ನನ್ನ ಸಲಹೆ ಇಷ್ಟೇ. ಆರಂಭದ ಗುಂಡಿಯನ್ನು ಒತ್ತುವ ಮುನ್ನ ವಿದ್ಯಾರ್ಥಿಗಳಿಂದ ಮೂರು ಸಂಗತಿಗಳನ್ನು ಬರೆಸಿಕೊಳ್ಳಿ: ಮಾದರಿಯ ಪ್ರಕಾರ ಯಾವ ಅಂಕಿ ಬರಬೇಕು, ಆ ಮಾದರಿ ಏನೇನನ್ನು ಕೈಬಿಟ್ಟಿದೆ, ಕೈಬಿಟ್ಟದ್ದರಿಂದ ಅಂಕಿ ಹೆಚ್ಚಾಗಬೇಕೇ ಕಡಿಮೆಯಾಗಬೇಕೇ. ಅಳತೆ ಮುಗಿದ ಮೇಲೆ ಕಚ್ಚಾ ಅಂಕಿಗಳನ್ನು ಎಕ್ಸೆಲ್ ಕಡತವಾಗಿ ಹೊರತೆಗೆದು, ಅದರ ಒಂದು ಪುಟವನ್ನು ಮುದ್ರಿಸಿ ಎಲ್ಲರಿಗೂ ಹಂಚಿದರೆ, ಮನೆಯಲ್ಲಿ ಫೋನೂ ಕಂಪ್ಯೂಟರೂ ಇಲ್ಲದ ವಿದ್ಯಾರ್ಥಿ ಕೂಡ ಗ್ರಾಫ್ ಹಾಳೆಯ ಮೇಲೆ ಆಂದೋಲನದ ಶಿಖರಗಳನ್ನು ತಾನೇ ಗುರುತಿಸಿ, ಅವಧಿಯನ್ನು ಲೆಕ್ಕಹಾಕಿ, ಆಪ್ ಹೇಳಿದ ಉತ್ತರದೊಂದಿಗೆ ಹೋಲಿಸಿ ನೋಡಬಹುದು.